ವೀಸಾಕ್ಕೆ ಮೊದಲು ಕಣ್ಣಿನ ಬಣ್ಣ ಪರೀಕ್ಷೆ ಆಗಲಿ

ಊರಿನಲ್ಲಿ ಮಗ ಎಸೆಸೆಲ್ಸಿ ಮುಗಿಸಿದ ಕೂಡಲೇ ನಮ್ಮ ಮನೆಗಳಲ್ಲಿ ಚರ್ಚೆ ಶುರು. ಐಟಿಐ ಎಲೆಕ್ಟ್ರಿಶಿಯನ್ ಮಾಡಿಸುವುದಾ, ಡ್ರೈವಿಂಗ್ ಕಲಿಸುವುದಾ, ಶಿಪ್ಪಿಗೆ ಕಳಿಸುವುದಾ? ಫೀಸು, ವೀಸಾ, ಟಿಕೆಟ್ ಎಲ್ಲದರ ಲೆಕ್ಕ ಹಾಕುತ್ತೇವೆ. ಅವನ ಕಣ್ಣಿಗೆ ಕೆಂಪು, ಹಸಿರು ಬೇರೆ ಬೇರೆಯಾಗಿ ಕಾಣ್ತದಾ ಎಂದು ಮಾತ್ರ ಕೇಳುವುದಿಲ್ಲ. ಈ ಮೂರೂ ಕೆಲಸಕ್ಕೆ ಅದು ಬೇಕೇ ಬೇಕು.

ಬಣ್ಣಗುರುಡು ಅಂದರೆ ಎಲ್ಲವೂ ಕಪ್ಪು ಬಿಳುಪಾಗಿ ಕಾಣುವುದು ಎಂದು ಹೆಚ್ಚಿನವರು ತಿಳಿದಿದ್ದಾರೆ. ಅಂಥದ್ದು ತೀರಾ ಅಪರೂಪ. ಕಣ್ಣಿನ ಒಳಪರದೆಯಲ್ಲಿ ಬಣ್ಣ ಗುರುತಿಸುವ ಮೂರು ಬಗೆಯ ಕೋಶಗಳಿವೆ. ಸ್ಥೂಲವಾಗಿ ಕೆಂಪಿಗೊಂದು, ಹಸಿರಿಗೊಂದು, ನೀಲಿಗೊಂದು. ಕೆಂಪಿನದ್ದೋ ಹಸಿರಿನದ್ದೋ ಸರಿಯಿಲ್ಲದಿದ್ದರೆ ಕೆಂಪು, ಹಸಿರು, ಕಂದು ಬಣ್ಣಗಳಲ್ಲಿ ಗೊಂದಲ ಆಗ್ತದೆ. ಹೆಚ್ಚು ಕಂಡುಬರುವುದು ಇದೇ. ನೀಲಿ-ಹಳದಿ ಗೊಂದಲ ಕಡಿಮೆ.

ಹುಟ್ಟಿನಿಂದ ಬರುವ ಕೆಂಪು-ಹಸಿರು ದೋಷ ಎಕ್ಸ್ ವರ್ಣತಂತುವಿನಲ್ಲಿರುತ್ತದೆ. ಗಂಡಿಗೆ ಎಕ್ಸ್ ಒಂದೇ, ಅದು ತಾಯಿಯಿಂದ ಬರುವುದು. ಹೆಣ್ಣಿಗೆ ಎರಡಿರುವುದರಿಂದ ಒಂದು ಕೆಟ್ಟರೂ ಇನ್ನೊಂದು ಸುಧಾರಿಸ್ತದೆ. ಹಾಗಾಗಿ ಯುರೋಪ್ ಮೂಲದವರಲ್ಲಿ 100 ಗಂಡಸರಲ್ಲಿ ಸುಮಾರು 8 ಮಂದಿಗೆ ಇದಿದ್ದರೆ, ಹೆಂಗಸರಲ್ಲಿ 200ಕ್ಕೆ ಒಬ್ಬರಿಗೆ. ತಾಯಿಯ ತಂದೆಗಿದ್ದದ್ದು ಮೊಮ್ಮಗನಿಗೆ ಬರುವುದುಂಟು. ಇದರಲ್ಲಿ ಉಮ್ಮನ ತಪ್ಪು ಏನೂ ಇಲ್ಲ. ಹುಡುಗನ ಉದಾಸೀನವೂ ಅಲ್ಲ.

ದೊಡ್ಡವರಾದ ಮೇಲೆ ಬರುವುದು ಬೇರೆ. ಸಕ್ಕರೆ ಕಾಯಿಲೆ, ಗ್ಲಾಕೋಮ, ಕಣ್ಣಿನ ನರದ ರೋಗ ಇದಕ್ಕೆ ಕಾರಣ ಆಗಬಹುದು. ಟಿ.ಬಿ.ಗೆ ಕೊಡುವ ಎಥಾಂಬ್ಯುಟಾಲ್ ಮಾತ್ರೆಯಿಂದಲೂ ಆಗಬಹುದು. ಬಣ್ಣ ಮಂಕಾಗಿ ಕಂಡರೆ ತಡ ಮಾಡದೆ ಡಾಕ್ಟರಿಗೆ ತೋರಿಸಬೇಕು. ಮಾತ್ರೆಯನ್ನು ನಾವಾಗಿಯೇ ನಿಲ್ಲಿಸಬಾರದು.

ಹುಟ್ಟಿನಿಂದ ಬಂದದ್ದಕ್ಕೆ ಸದ್ಯ ಮದ್ದಿಲ್ಲ. ವಿಶೇಷ ಕನ್ನಡಕ ಕೆಲವರಿಗೆ ಸ್ವಲ್ಪ ಸಹಾಯ ಮಾಡ್ತದೆ, ಗುಣ ಮಾಡುವುದಿಲ್ಲ. ಆದರೆ ಪರೀಕ್ಷೆ ಸುಲಭ. ಜಪಾನಿನ ಡಾಕ್ಟರ್ ಇಶಿಹಾರ 1917ರಲ್ಲಿ ಹೊರತಂದ, ಬಣ್ಣದ ಚುಕ್ಕಿಗಳ ನಡುವೆ ಅಂಕಿ ಅಡಗಿಸಿದ ಪುಸ್ತಕವೇ ಇವತ್ತಿಗೂ ಬಳಕೆಯಲ್ಲಿದೆ. ಕೆಲವೇ ನಿಮಿಷದ ಕೆಲಸ.

ಕಾನೂನೂ ಸ್ವಲ್ಪ ಸಡಿಲಾಗಿದೆ. ಭಾರತದಲ್ಲಿ 2020ರಿಂದ ಅಲ್ಪ ಮತ್ತು ಮಧ್ಯಮ ಬಣ್ಣಗುರುಡು ಇದ್ದವರಿಗೂ ಡ್ರೈವಿಂಗ್ ಲೈಸೆನ್ಸ್ ಸಿಗ್ತದೆ. ಆದರೆ ಊರಿನ ಲೈಸೆನ್ಸ್ ನೋಡಿ ಗಲ್ಫಿನಲ್ಲೂ ಪಾಸಾಗ್ತದೆ ಎಂದು ನಂಬಬಾರದು. ಇಲ್ಲಿನ ನಿಯಮ ಬೇರೆ, ಕಂಪೆನಿಗಳ ಮೆಡಿಕಲ್ ಬೇರೆ. ಶಿಪ್ಪಿನಲ್ಲಂತೂ ಬಣ್ಣ ಪರೀಕ್ಷೆ ಕಡ್ಡಾಯ. ಸಾಲ ಮಾಡಿ, ಚಿನ್ನ ಅಡವಿಟ್ಟು ಬಂದ ಮೇಲೆ ಇದು ಗೊತ್ತಾದರೆ ನಷ್ಟ ಇಡೀ ಮನೆಗೆ.

ಈಗಾಗಲೇ ಕೆಲಸದಲ್ಲಿರುವವರು ಮುಚ್ಚಿಡುತ್ತಾರೆ. ಹೇಳಿದರೆ ಕೆಲಸ ಹೋದೀತು ಎಂಬ ಅವರ ಹೆದರಿಕೆ ಸುಳ್ಳಲ್ಲ. ಆದರೆ ಟ್ರಾಫಿಕ್ ಲೈಟಿನಲ್ಲಿ ಮೇಲಿನದ್ದು ಕೆಂಪು ಎಂದು ಜಾಗ ನೋಡಿ ಹೇಳಬಹುದು. ವಯರಿಗೆ ಅಂಥ ಜಾಗ ಇಲ್ಲ. ಕಂದು ಫೇಸ್, ಹಸಿರು ಅರ್ತ್ ಅದಲು ಬದಲಾದರೆ ಹೋಗುವುದು ಜೀವ. ಬಣ್ಣವನ್ನು ನಂಬದೆ ಟೆಸ್ಟರ್ ಹಿಡಿಯಿರಿ, ವಯರಿಗೆ ನಂಬರ್ ಅಂಟಿಸಿ, ಜೊತೆಗಾರನಿಗಾದರೂ ತಿಳಿಸಿ.

ನಮ್ಮ ಜಮಾಅತ್‌ಗಳು, ಅನಿವಾಸಿ ಸಂಘಟನೆಗಳು ಊರಿನಲ್ಲಿ ಮೆಡಿಕಲ್ ಕ್ಯಾಂಪ್ ಮಾಡುವಾಗ ಬಿಪಿ, ಶುಗರಿನ ಜೊತೆ ಈ ಪರೀಕ್ಷೆಯನ್ನೂ ಸೇರಿಸಬೇಕು. ಎಂಟನೇ ಕ್ಲಾಸಿನಲ್ಲೇ ಗೊತ್ತಾದರೆ ಹುಡುಗನಿಗೆ ಬೇರೆ ದಾರಿ ಹುಡುಕಲು ಸಮಯ ಸಿಗ್ತದೆ. ಪ್ಲಂಬಿಂಗ್, ಲೆಕ್ಕಪತ್ರ, ವ್ಯಾಪಾರ, ಎಷ್ಟೋ ಕೆಲಸಗಳಿವೆ. ಈ ರಜೆಯಲ್ಲಿ ಊರಿಗೆ ಹೋದಾಗ ನಿಮ್ಮ ಮಕ್ಕಳನ್ನು ಒಮ್ಮೆ ಕಣ್ಣಿನ ಡಾಕ್ಟರಲ್ಲಿಗೆ ಕರೆದುಕೊಂಡು ಹೋಗಿ.