ಬರೀ ಪಿಎಚ್ ನೋಡಿದ್ರೆ ಸಾಲದು, ಹೊಂಡದ ಅಲ್ಕಲಿನಿಟಿ ಅಳೆಯಿರಿ

ತೋಟದ ಹೊಂಡದಲ್ಲಿ ಕಾಟ್ಲಾ, ರೋಹು ಬಿಟ್ಟಿರೋರು ನಮ್ಮ ಸುತ್ತಮುತ್ತ ಈಗ ಸುಮಾರು ಜನ ಇದ್ದೀರಿ. ನೀರು ಪರೀಕ್ಷೆ ಅಂದ್ರೆ ಎಲ್ಲರದ್ದೂ ಒಂದೇ ಕ್ರಮ. ಪಿಎಚ್ ಪೇಪರ್ ಅದ್ದೋದು, 7 ಬಂದ್ರೆ ಸರಿ ಇದೆ ಅಂತ ಮನೆಗೆ ಹೋಗೋದು. ನನ್ನ ತಕರಾರು ಇರೋದು ಇಲ್ಲೇ.

ಪೇಟೇಲಿ ಮನೆಯೊಳಗೆ ಗಾಜಿನ ತೊಟ್ಟೀಲಿ ಹವಳ ಸಾಕೋರನ್ನ ನೋಡಿ. ಹವಳ ತನ್ನ ಸುಣ್ಣದ ಗೂಡು ಕಟ್ಟೋಕೆ ನೀರಿನ ಕ್ಯಾಲ್ಸಿಯಂ, ಕಾರ್ಬೊನೇಟ್ ಎರಡನ್ನೂ ಎಳ್ಕೊಳ್ಳುತ್ತೆ. ಅದಕ್ಕೆ ಅವರು ವಾರವಾರ ಅಲ್ಕಲಿನಿಟಿ ಅಳೆದು, ಇಳಿದಷ್ಟನ್ನ ತುಂಬ್ತಾರೆ. ಸಮುದ್ರದಲ್ಲಿ ಅದು ಸುಮಾರು 120 ಪಿಪಿಎಂ. ಇನ್ನೂರು ಲೀಟರ್ ತೊಟ್ಟಿಗೆ ಅಷ್ಟು ಕಾಳಜಿ, ಲಕ್ಷಗಟ್ಟಲೆ ಲೀಟರ್ ಹೊಂಡಕ್ಕೆ ನಮ್ಮದು ಒಂದು ಚೂರು ಪೇಪರ್!

ಪಿಎಚ್ ಆ ಕ್ಷಣದ ಲೆಕ್ಕ ಅಷ್ಟೇ. ಅದು ಏರಿಳಿಯದ ಹಾಗೆ ತಡೆಯೋ ನೀರಿನ ತಾಕತ್ತೇ ಅಲ್ಕಲಿನಿಟಿ. ನಮ್ಮದು ಜಂಬಿಟ್ಟಿಗೆ ನೆಲ, ಮೇಲಿಂದ ಮಳೆನೀರು. ಅದು ಕಮ್ಮಿ ಇರೋ ಹೊಂಡಗಳೇ ಜಾಸ್ತಿ. ಅಂಥ ನೀರು ಹಸಿರುಗಟ್ಟಿದ್ರೆ ಬೆಳಿಗ್ಗೆ 7 ಇದ್ದ ಪಿಎಚ್ ಮಧ್ಯಾಹ್ನ ಮೂರಕ್ಕೆ 9 ದಾಟಬಹುದು, ಬಿಸಿಲಲ್ಲಿ ಪಾಚಿ ಇಂಗಾಲದ ಡೈಆಕ್ಸೈಡ್ ಹೀರೋದ್ರಿಂದ. ಪಿಎಚ್ 7ರಲ್ಲಿ ಅಮೋನಿಯಾದ ವಿಷದ ಪಾಲು ನೂರಕ್ಕೆ ಒಂದೂ ಇರಲ್ಲ. 9ಕ್ಕೆ ಹೋದ್ರೆ ನೂರಕ್ಕೆ ಸುಮಾರು 40.

ಇನ್ನೂ ದೊಡ್ಡ ಭಯ ಕೊಳೆ ಔಷಧಿ ಹೊಡೆಯೋ ಕಾಲದ್ದು. ಬೋರ್ಡೋಗೆ 100 ಲೀಟರಿಗೆ 1 ಕೆಜಿ ಮೈಲುತುತ್ತ ಹಾಕ್ತೀವಿ. ಡ್ರಮ್ಮು, ಪೈಪು, ದೋಟಿ ತೊಳೆಯೋದೆಲ್ಲಿ? ಹೊಂಡದ ದಂಡೆ ಮೇಲೆ. ತಾಮ್ರ ಮೀನಿನ ಕಿವಿರಿಗೇ ಹೊಡೆಯುತ್ತೆ. ಅಲ್ಕಲಿನಿಟಿ ಚೆನ್ನಾಗಿದ್ರೆ ಒಂದಷ್ಟು ತಾಮ್ರ ಕಾರ್ಬೊನೇಟ್ ಜೊತೆ ಸೇರಿ ತಣ್ಣಗಾಗುತ್ತೆ. 50 ಪಿಪಿಎಂ ಒಳಗಿದ್ರೆ ಆ ರಕ್ಷಣೆ ತೀರಾ ಕಮ್ಮಿ. ಹವಳದೋರಂತೂ ತಾಮ್ರದ ಔಷಧೀನ ತೊಟ್ಟಿ ಹತ್ರಾನೂ ತರಲ್ಲ. ಬೋರ್ಡೋದಲ್ಲಿ ಸುಣ್ಣ ಇದೆಯಲ್ಲ, ತಾಮ್ರ ಕಟ್ಟಿ ಹಾಕಿರುತ್ತೆ ಅಂತ ವಾದ ಮಾಡೋರಿದ್ದಾರೆ. ಎಲೆ ಮೇಲೆ ಹೌದು. ಹುಳಿ ನೀರಿಗೆ ಬಿದ್ದ ಮೇಲೆ ಮತ್ತೆ ಕರಗುತ್ತೆ ಮಾರಾಯ್ರೇ.

ಅಕ್ವೇರಿಯಂ ಅಂಗಡೀಲಿ ಹನಿ ಹಾಕಿ ಬಣ್ಣ ನೋಡೋ ಕೆಎಚ್ ಕಿಟ್ ಸಿಗುತ್ತೆ. ಬಂದ ಡಿಗ್ರಿಯನ್ನ 18ರಿಂದ ಗುಣಿಸಿದ್ರೆ ಪಿಪಿಎಂ. ನಾಲ್ಕೈದು ಮನೆ ಸೇರಿ ಒಂದು ತಂದ್ರೂ ಸಾಕು. 50ಕ್ಕಿಂತ ಕಮ್ಮಿ ಬಂದ್ರೆ ಕೃಷಿ ಸುಣ್ಣ, ಅಂದ್ರೆ ಸುಣ್ಣದಕಲ್ಲಿನ ಪುಡಿ ಚೆಲ್ಲಿ. ಸುಟ್ಟ ಸುಣ್ಣ ಮೀನಿರೋ ಹೊಂಡಕ್ಕೆ ಖಂಡಿತ ಬೇಡ, ಪಿಎಚ್ ಒಮ್ಮೆಗೇ ಜಿಗಿಯುತ್ತೆ. ಕಲ್ಲಿನ ಪುಡಿ ಕರಗೋಕೆ ವಾರಗಳೇ ಬೇಕು, ಹಾಗಾಗಿ ಮಳೆ ಹಿಡಿಯೋ ಮುಂಚೆಯೇ ಹಾಕಿ. ಸಣ್ಣ ಟಾರ್ಪಾಲ್ ತೊಟ್ಟಿಗಾದ್ರೆ ಅಡಿಗೆ ಸೋಡಾನೇ ಆಗುತ್ತೆ, ಹವಳದೋರೂ ಎಷ್ಟೋ ಜನ ಅದನ್ನೇ ಹಾಕೋದು. 10,000 ಲೀಟರಿಗೆ 1 ಕೆಜಿ ಹಾಕಿದ್ರೆ ಸುಮಾರು 60 ಪಿಪಿಎಂ ಏರುತ್ತೆ. ಎರಡು ಮೂರು ದಿನಕ್ಕೆ ಹಂಚಿ, ನೀರಲ್ಲಿ ಕದಡಿ ಹಾಕಿ.

ಡ್ರಮ್ ತೊಳೆಯೋ ಜಾಗ ಮಾತ್ರ ಈ ವರ್ಷವೇ ಬದಲಾಗ್ಲಿ. ತೋಟದ ಬಸಿಗಾಲುವೆ ಹೊಂಡಕ್ಕೆ ಬಂದು ಬೀಳೋ ಹಾಗಿದ್ರೆ, ಔಷಧಿ ಹೊಡೆಯೋ ದಿನ ಬಾಯಿಗೆ ಮಣ್ಣಿನ ಚೀಲ ಇಟ್ಟು ನೀರನ್ನ ಪಕ್ಕಕ್ಕೆ ತಿರುಗಿಸಿ.