ಅರವತ್ತು ಸುತ್ತುಗಳ ಲೆಕ್ಕ

ಕೆಲವು ವರ್ಷಗಳ ಹಿಂದಿನ ಮಾತು. ಸೊಲ್ಲಾಪುರ ಸೀಮೆಯ ಒಂದು ಎಂಜಿನಿಯರಿಂಗ್ ಕಾಲೇಜಿಗೆ ಮೌಖಿಕ ಪರೀಕ್ಷೆ ತೆಗೆದುಕೊಳ್ಳಲು ಹೋಗಿದ್ದೆ. ವಿಷಯ ವಿದ್ಯುತ್ ಯಂತ್ರಗಳು. ಸರದಿಯಲ್ಲಿ ತಡವಳದ ಹುಡುಗನೊಬ್ಬ ಬಂದು ಕೂತ. ಇಂಡಕ್ಷನ್ ಮೋಟಾರಿನ ‘ಸ್ಲಿಪ್’ ಎಂದರೇನು ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಸೂತ್ರವನ್ನು ಉಸಿರು ಬಿಡದೆ ಒಪ್ಪಿಸಿದ. ಲೋಡ್ ಹೆಚ್ಚಿದರೆ ಅದು ಏನಾಗುತ್ತದೆ ಎಂದೆ. ಬಾಯಿ ಕಟ್ಟಿತು. ಮುಂದಿದ್ದ ಜರ್ನಲಿನ ಮೇಲೆ ಊರಿನ ಹೆಸರು ನೋಡಿ ಕನ್ನಡಕ್ಕೆ ಹೊರಳಿದೆ.

“ನಿಮ್ಮೂರಾಗ ಹಿಟ್ಟಿನ ಗಿರಣಿ ಐತೇನಪಾ?”

“ನಮ್ಮದ ಐತ್ರೀ ಸರ.”

“ಮೋಟಾರಿನ ಪಟ್ಟಿ ಮ್ಯಾಲ ಎಷ್ಟು ಸುತ್ತು ಅಂತ ಬರದಾರ?”

“ಸಾವಿರದ ನಾಕನೂರಾ ನಲವತ್ತರೀ.”

“ಒಮ್ಮೆಲೆ ಜ್ವಾಳ ಸುರುವಿದ್ರ?”

ಹುಡುಗನ ಮುಖ ಬಿಚ್ಚಿಕೊಂಡಿತು. “ಮೋಟಾರಿನ ದನಿ ಬದಲಾಗತದ್ರೀ. ಗುಂಯ್ ಅಂತದ, ಓಟ ತಗ್ಗತದ, ಮೀಟರಿನ ಕಾಟಾ ಏರತದ. ಆಗ ನಮ್ಮಪ್ಪ ಕೈ ಹಿಡದು ಹಾಕು ಅಂತಾನ್ರೀ.” ಒಂದು ಗಳಿಗೆ ತಡೆದು, ತನ್ನಷ್ಟಕ್ಕೇ ಎಂಬಂತೆ ಕೇಳಿದ: “ಅದ ಸ್ಲಿಪ್ಪೇನ್ರೀ ಸರ?”

ಅದೇ ಸ್ಲಿಪ್ಪು. ನಾಲ್ಕು ಧ್ರುವಗಳ ಮೋಟಾರಿನೊಳಗೆ, ನಮ್ಮ 50 ಹರ್ಟ್ಜ್ ವಿದ್ಯುತ್ತಿನಲ್ಲಿ, ಕಾಂತಕ್ಷೇತ್ರ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಗಿರಣಿಯ ಮೋಟಾರಿನ ದಂಡ ತಿರುಗುವುದು 1440. ನಡುವಿನ 60 ಸುತ್ತಿನ ಹಿನ್ನಡೆ ಎಂದರೆ ನೂರಕ್ಕೆ ನಾಲ್ಕು. ಬಾಲ್ಯದಿಂದ ಆ ದನಿ ಕೇಳುತ್ತ ಬೆಳೆದವನು ಪದವಿಯ ಹೊಸ್ತಿಲವರೆಗೆ ಬಂದಿದ್ದ. ಅವನ ಗಿರಣಿಗೂ ಪುಸ್ತಕದ ಸೂತ್ರಕ್ಕೂ ಸಂಬಂಧವಿದೆ ಎಂದು ಅಲ್ಲಿಯವರೆಗೆ ಒಬ್ಬರೂ ಹೇಳಿರಲಿಲ್ಲ. ತಪ್ಪು ಅವನದಲ್ಲ. ಬಹಳ ವರ್ಷ ಪಾಠ ಹೇಳಿದ ನನ್ನಂಥವರ ಪಾಲು ಅದರಲ್ಲಿ ದೊಡ್ಡದಿದೆ. ಹಿಂದಿರುಗಿ ನೋಡುವ ಹೊತ್ತಿನಲ್ಲಿ ಎಲ್ಲಕ್ಕಿಂತ ಮೊದಲು ನನಗೆ ನೆನಪಾಗುವುದು ಆ ಪ್ರಶ್ನೆಯೇ.

ಹಾಗೆ ನೋಡಿದರೆ ಯಂತ್ರ ಈ ಸೀಮೆಗೆ ಹೊಸದಲ್ಲ. ಸೊಲ್ಲಾಪುರದ ‘ಜುನಿ ಮಿಲ್’ ಶುರುವಾದದ್ದು 1877ರಲ್ಲಿ. ಐದು ವರ್ಷದ ನಂತರ ಇದೇ ಊರಿನಲ್ಲಿ ಹುಟ್ಟಿದ ವಾಲಚಂದ ಹಿರಾಚಂದರು ಮುಂದೆ 1940ರಲ್ಲಿ, ಮೈಸೂರು ಸಂಸ್ಥಾನದ ನೆರವು ಪಡೆದು, ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಕಟ್ಟಿದರು. ಇಂದಿನ ಎಚ್‌ಎಎಲ್ ಬೆಳೆದದ್ದು ಆ ಬೀಜದಿಂದ. ಆದರೆ ಎಂಜಿನಿಯರಿಂಗ್ ಕಲಿಯಬೇಕೆಂದ ಅಕ್ಕಲಕೋಟೆಯ ಹುಡುಗನಿಗೆ ಬಹುಕಾಲ ಊರ ಹತ್ತಿರ ದಾರಿಯೇ ಇರಲಿಲ್ಲ. ಸೊಲ್ಲಾಪುರದ ಸರಕಾರಿ ಪಾಲಿಟೆಕ್ನಿಕ್ 1956ರಲ್ಲಿ ಬಂದು ಡಿಪ್ಲೊಮಾಕ್ಕೆ ಬಾಗಿಲು ತೆರೆಯಿತು. ಪದವಿ ಬೇಕೆಂದರೆ ಪುಣೆ, ಸಾಂಗ್ಲಿ. ಈ ಕಡೆ ಕರ್ನಾಟಕದಲ್ಲಿ ಕಲಬುರಗಿ, ಬಾಗಲಕೋಟೆ. 1980ರ ನಂತರ ವಿಜಯಪುರದ ಹಳಕಟ್ಟಿಯವರ ಹೆಸರಿನ ಕಾಲೇಜು.

ಚಿತ್ರ ಬದಲಾದದ್ದು 1983ರಲ್ಲಿ. ಮಹಾರಾಷ್ಟ್ರದ ವಸಂತದಾದಾ ಪಾಟೀಲರ ಸರಕಾರ ಅನುದಾನವಿಲ್ಲದ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳಿಗೆ ಅನುಮತಿ ಕೊಟ್ಟಿತು. ಅದೇ ವರ್ಷ ಸೊಲ್ಲಾಪುರದಲ್ಲಿ ವಾಲಚಂದ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಶುರುವಾಯಿತು. 1998ರಲ್ಲಿ ಪಂಢರಪುರದ ಪಕ್ಕದ ಗೋಪಾಳಪುರಕ್ಕೆ ಕಾಲೇಜು ಬಂತು, ಬಳಿಕ ಸೊಲ್ಲಾಪುರದ ಸುತ್ತ ಇನ್ನೂ ಹಲವು. 2004ರಲ್ಲಿ ಸೊಲ್ಲಾಪುರಕ್ಕೆ ಸ್ವಂತ ವಿಶ್ವವಿದ್ಯಾಲಯವಾಯಿತು. ಇದನ್ನು ಸಣ್ಣ ಸಾಧನೆ ಎನ್ನಲಾರೆ. ತಡವಳ ನಿಲ್ದಾಣ ಹೋಟಗಿ–ಗದಗ ರೈಲುಮಾರ್ಗದಲ್ಲಿದೆ. ಮನೆಯ ರೊಟ್ಟಿ ಬುತ್ತಿ ಕಟ್ಟಿಕೊಂಡು ಅಲ್ಲಿಂದ ರೈಲಿನಲ್ಲಿ ಸೊಲ್ಲಾಪುರಕ್ಕೆ ಹೊರಟ ರೈತನ ಮಗಳು ಎಂಜಿನಿಯರ್ ಆಗಬಹುದು ಎಂಬ ಕಾಲ ಬಂದದ್ದು ಈ ಕಾಲೇಜುಗಳಿಂದಲೇ. ದೂರದ ಹಾಸ್ಟೆಲಿಗೆ ಕಳಿಸಲು ಒಪ್ಪದ ಎಷ್ಟೋ ತಂದೆಯರು ಸೊಲ್ಲಾಪುರಕ್ಕೆ ಒಪ್ಪಿದ್ದಾರೆ.

ಬಾಗಿಲು ತೆರೆದಷ್ಟು ಬೇಗ ಒಳಗಿನ ಪಾಠ ಸುಧಾರಿಸಲಿಲ್ಲ. ಅದು ಈ ಸೀಮೆಯದಷ್ಟೇ ಕಥೆಯೂ ಅಲ್ಲ. 2005ರಲ್ಲಿ ಮೆಕಿನ್ಸಿ ಸಂಸ್ಥೆಯ ವರದಿಯೊಂದು, ಬಹುರಾಷ್ಟ್ರೀಯ ಕಂಪನಿಗಳ ಕೆಲಸಕ್ಕೆ ಭಾರತದ ಎಂಜಿನಿಯರಿಂಗ್ ಪದವೀಧರರಲ್ಲಿ ನಾಲ್ಕರಲ್ಲಿ ಒಬ್ಬರಷ್ಟೇ ತಕ್ಕವರು ಎಂದಿತು. ಆ ಮಾತು ನಮ್ಮ ಹುಡುಗರನ್ನು ಇಂದಿಗೂ ಬಿಟ್ಟಿಲ್ಲ. ಅದಕ್ಕೂ ಒಂದು ವರ್ಷ ಮೊದಲೇ ಇನ್ಫೋಸಿಸ್ ‘ಕ್ಯಾಂಪಸ್ ಕನೆಕ್ಟ್’ ಎಂಬ ಯೋಜನೆ ತಂದು, ಕಂಪನಿಗೆ ಬೇಕಾದದ್ದನ್ನು ಕಾಲೇಜಿನಲ್ಲೇ ಕಲಿಸಲು ಹೊರಟಿತ್ತು. ಇತ್ತ ಸೀಟುಗಳು ಬೆಳೆಯುತ್ತಲೇ ಇದ್ದವು. ಡಿಪ್ಲೊಮಾದಿಂದ ಸ್ನಾತಕೋತ್ತರದವರೆಗೆ ಲೆಕ್ಕ ಹಿಡಿದರೆ 2014–15ರಲ್ಲಿ ದೇಶದಲ್ಲಿ ಸುಮಾರು 32 ಲಕ್ಷ ಸೀಟುಗಳಿದ್ದವು. 2021–22ರ ಹೊತ್ತಿಗೆ ಅದು ಸುಮಾರು 23 ಲಕ್ಷಕ್ಕೆ ಇಳಿಯಿತು. ಖಾಲಿ ಬೆಂಚುಗಳು ಹೇಳಿದ್ದನ್ನು ನಾವು ವರದಿಗಳಿಗಿಂತ ತಡವಾಗಿ ಕೇಳಿಸಿಕೊಂಡೆವು.

ಗುಣಮಟ್ಟಕ್ಕೆಂದು ಏನೂ ನಡೆಯಲಿಲ್ಲ ಎಂದರೆ ತಪ್ಪಾಗುತ್ತದೆ. ವಿಶ್ವಬ್ಯಾಂಕ್ ನೆರವಿನ ಟೆಕ್ವಿಪ್ ಯೋಜನೆ ಮೂರು ಹಂತಗಳಲ್ಲಿ ನಡೆಯಿತು. 2014ರ ಜೂನ್‌ನಲ್ಲಿ ಭಾರತ, ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಒಪ್ಪುವ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯತ್ವ ಪಡೆದ ಮೇಲೆ ಎನ್‌ಬಿಎ ಮಂಡಳಿ ಕೋರ್ಸುಗಳಿಗೆ ಕೊಡುವ ಮಾನ್ಯತೆಗೆ ಹೊಸ ತೂಕ ಬಂತು. ವಿದ್ಯಾರ್ಥಿ ಏನು ಓದಿದ ಎನ್ನುವುದಕ್ಕಿಂತ ಏನು ಮಾಡಬಲ್ಲ ಎಂಬುದನ್ನು ಅಳೆಯಬೇಕು ಎಂಬ ವಿಚಾರ ಅದರ ಬೆನ್ನಿಗೆ ಬಂತು. ವಿಚಾರ ಸರಿಯಾದದ್ದು. ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಮಂಡಳಿ ಎಐಸಿಟಿಇ 2018ರಲ್ಲಿ ಕೊಟ್ಟ ಮಾದರಿ ಪಠ್ಯಕ್ರಮ ಒಟ್ಟು ಹೊರೆಯನ್ನು 160 ಕ್ರೆಡಿಟ್ಟಿಗೆ ಇಳಿಸಿ, ಇಂಟರ್ನ್‌ಷಿಪ್ಪಿಗೆ ಜಾಗ ಮಾಡಿ, ಹೊಸಬರಿಗೆ ಮೂರು ವಾರದ ಇಂಡಕ್ಷನ್ ಸೇರಿಸಿತು. ಇದೂ ಸರಿಯೇ. ಆದರೆ ಅದೇ ಸುಮಾರಿಗೆ ಹದಿನೈದು ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕ ಎಂಬ ನಿಯಮ ಇಪ್ಪತ್ತಕ್ಕೊಬ್ಬ ಎಂದು ಸಡಿಲವಾಯಿತು. ಒಂದು ಕೈಯಲ್ಲಿ ಹೆಚ್ಚು ನಿಗಾ ಬೇಡುವ ಪದ್ಧತಿ, ಇನ್ನೊಂದು ಕೈಯಲ್ಲಿ ಕಡಿಮೆ ಅಧ್ಯಾಪಕರು. ಇದು ನನಗೆ ಅಂದೂ ಒಪ್ಪಿಗೆಯಾಗಿರಲಿಲ್ಲ, ಇಂದೂ ಇಲ್ಲ.

ಪ್ರಯೋಗಾಲಯದ ಒಳಗೆ ಹೋಗಿ ನೋಡಿ. ಒಂದು ಮೋಟಾರು, ಸುತ್ತ ಇಪ್ಪತ್ತು ಜನ. ಮುಂದಿನ ಸಾಲಿನ ಇಬ್ಬರು ತಂತಿ ಜೋಡಿಸುತ್ತಾರೆ, ಮೂರನೆಯವನು ರೀಡಿಂಗ್ ಬರೆದುಕೊಳ್ಳುತ್ತಾನೆ, ಹಿಂದಿನವರು ಅದನ್ನು ಮೊಬೈಲಿನಲ್ಲಿ ಫೋಟೊ ತೆಗೆಯುತ್ತಾರೆ. ಸೆಮಿಸ್ಟರಿನ ಕೊನೆಯಲ್ಲಿ ‘ಸಬ್‌ಮಿಷನ್’ ಎಂಬ ಹಬ್ಬ ಬರುತ್ತದೆ. ಹಾಸ್ಟೆಲಿನಲ್ಲಿ ರಾತ್ರಿಯಿಡೀ ಸೀನಿಯರ್‌ಗಳ ಜರ್ನಲು ಕೈಯಿಂದ ಕೈಗೆ ಓಡಾಡುತ್ತದೆ. ಒಮ್ಮೆ ನನ್ನ ಮೇಜಿಗೆ ಬಂದ ಹನ್ನೊಂದು ಜರ್ನಲುಗಳಲ್ಲಿ ಒಂದೇ ತಪ್ಪು ರೀಡಿಂಗ್ ಇತ್ತು. ಲೋಡ್ ಏರಿದರೂ ವೇಗ ಕೂಡ ಏರಿದಂತೆ ಬರೆದಿದ್ದರು. ಎಂದೋ ಯಾರೋ ಎರಡು ಅಂಕಿ ಹಿಂದುಮುಂದು ಮಾಡಿದ್ದು ವರ್ಷದಿಂದ ವರ್ಷಕ್ಕೆ ಹಾಗೇ ಇಳಿದು ಬಂದಿತ್ತು. ಹನ್ನೊಂದೂ ಜರ್ನಲಿಗೆ ಅಧ್ಯಾಪಕರ ಸಹಿಯೂ ಬಿದ್ದಿತ್ತು. ಆ ಅಧ್ಯಾಪಕ ಸೋಮಾರಿಯಲ್ಲ. ಆ ವಾರ ಮಾನ್ಯತೆಯ ಸಮಿತಿ ಬರುವುದಿತ್ತು, ಅವನು ಮೂರು ರಾತ್ರಿ ಫೈಲುಗಳಲ್ಲಿ ಮುಳುಗಿದ್ದ. ಗುಣಮಟ್ಟವನ್ನು ಕಾಗದದಲ್ಲಿ ತೋರಿಸುವ ಕೆಲಸವೇ ಗುಣಮಟ್ಟಕ್ಕೆ ಬೇಕಾದ ಹೊತ್ತನ್ನು ತಿಂದುಹಾಕಿತು.

ಇನ್ನು ಭಾಷೆ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಗಡಿಯ ಆಚೆ ಈಚೆ ಇರುವ ಎಷ್ಟೋ ಜನರಿಗೆ ಇದರ ಭಾರ ತಿಳಿಯದು. ಅಕ್ಕಲಕೋಟೆ ತಾಲೂಕಿನ ಮಗು ಮನೆಯಲ್ಲಿ ಕನ್ನಡ ಆಡುತ್ತದೆ. ಪುಣೆಯ ಬಾಲಭಾರತಿ ಅಚ್ಚುಹಾಕುವ ಕನ್ನಡ ಪಠ್ಯಪುಸ್ತಕ ಓದುತ್ತದೆ. ತಹಸೀಲ ಕಚೇರಿ, ಎಸ್‌ಟಿ ಸ್ಟ್ಯಾಂಡು, ಕಾಲೇಜಿನ ಗೆಳೆಯರು ಎಲ್ಲ ಮರಾಠಿ. ಹನ್ನೊಂದನೆಯ ತರಗತಿಯ ವಿಜ್ಞಾನಕ್ಕೆ ಹೋದ ದಿನವೇ ಪುಸ್ತಕ ಪೂರ್ತಿ ಇಂಗ್ಲಿಷ್. ಬಲ ಎಂಬುದು ಕನ್ನಡದಲ್ಲಿ ತಿಳಿದಿರುತ್ತದೆ, ಮಾಸ್ತರು ಅದನ್ನು ಮರಾಠಿಯಲ್ಲಿ ಬಿಡಿಸಿ ಹೇಳುತ್ತಾರೆ, ಉತ್ತರ ಇಂಗ್ಲಿಷಿನಲ್ಲಿ ಬರೆಯಬೇಕು. ಇಷ್ಟು ದಾಟಿ ಬಂದ ಮಗುವಿನ ಬುದ್ಧಿ ಸಾಮಾನ್ಯದ್ದಲ್ಲ. ಕ್ಯಾಂಪಸ್ ಸಂದರ್ಶನದಲ್ಲಿ ಹತ್ತು ನಿಮಿಷ ತಡವರಿಸಿದ್ದಕ್ಕೆ ಅವನನ್ನು ‘ಕಮ್ಯುನಿಕೇಷನ್ ವೀಕ್’ ಎಂದು ಬರೆದು ಕಳಿಸುವುದು ಅನ್ಯಾಯ.

ಗಡಿವಿವಾದದ ಮಹಾಜನ ಆಯೋಗ 1967ರಲ್ಲಿ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರಗಳು ಕರ್ನಾಟಕಕ್ಕೆ ಸೇರಬೇಕೆಂದಿತು. ಅದು ಜಾರಿಯಾಗಲಿಲ್ಲ, ಅದರ ವಾದ ಇಲ್ಲಿ ಬೇಡ. ಆದರೆ ಕರ್ನಾಟಕದ ಸಿಇಟಿ ನಿಯಮಗಳಲ್ಲಿ ಅದರ ಒಂದು ನೆರಳು ಉಳಿದಿದೆ. ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲೂಕುಗಳ ಮತ್ತು ಕಾಸರಗೋಡು ಸೀಮೆಯ ಕನ್ನಡ ಮಕ್ಕಳು ಕನ್ನಡ ಭಾಷಾ ಪರೀಕ್ಷೆ ಬರೆದು ಗಡಿನಾಡ ಕನ್ನಡಿಗರಾಗಿ ಅಲ್ಲಿ ಸೀಟು ಕೇಳಬಹುದು. ಎಷ್ಟು ಮನೆಗಳಿಗೆ ಈ ಸುದ್ದಿ ಹೊತ್ತಿಗೆ ಸರಿಯಾಗಿ ಮುಟ್ಟುತ್ತದೆ? ಫಾರ್ಮು ತುಂಬುವ ದಿನ ಮುಗಿದ ಮೇಲೆ “ಹೌದೇನ್ರೀ, ಹಂಗ ಇತ್ತೇನ್ರೀ?” ಎಂದು ಕೇಳಿದ ತಂದೆಯರನ್ನು ನಾನು ಒಬ್ಬಿಬ್ಬರನ್ನಲ್ಲ, ಹಲವರನ್ನು ಕಂಡಿದ್ದೇನೆ. ಪ್ರತಿ ಪ್ರೌಢಶಾಲೆಯ ಫಲಕದ ಮೇಲೆ ಜನವರಿಯಲ್ಲೇ ಬರೆದು ಹಾಕಬೇಕಾದ ಮಾತು ಇದು.

2021ರಿಂದ ಜೆಇಇ ಮೇನ್ ಕನ್ನಡದಲ್ಲೂ ನಡೆಯುತ್ತಿದೆ. ಅದೇ ವರ್ಷ ಪಿಂಪ್ರಿ ಚಿಂಚವಡದ ಕಾಲೇಜೊಂದು ಮರಾಠಿಯಲ್ಲಿ ಕಂಪ್ಯೂಟರ್ ಎಂಜಿನಿಯರಿಂಗ್ ತೆರೆಯಿತು, ಕರ್ನಾಟಕದ ಕೆಲವು ಕಾಲೇಜುಗಳಿಗೆ ಕನ್ನಡ ಮಾಧ್ಯಮಕ್ಕೆ ಅನುಮತಿ ಸಿಕ್ಕಿತು. ಕನ್ನಡಕ್ಕೆ ಬಂದವರು ಬೆರಳೆಣಿಕೆ. ಅದರಿಂದ ಕನ್ನಡವೇ ಬೇಡವೆಂದು ತೀರ್ಮಾನಿಸುವವರ ಜೊತೆ ನಾನಿಲ್ಲ. ತಂದೆತಾಯಿ ಅಂಜಿದ್ದು ಪದವಿಯ ಕಾಗದದ ಮೇಲೆ ‘ಕನ್ನಡ’ ಎಂದು ಬರೆದೀತು ಎಂಬುದಕ್ಕೆ, ತರಗತಿಯಲ್ಲಿ ಕನ್ನಡದಲ್ಲಿ ಬಿಡಿಸಿ ಹೇಳುವುದಕ್ಕಲ್ಲ. ಎಐಸಿಟಿಇಯ ಇ-ಕುಂಭ ತಾಣದಲ್ಲಿ ಕನ್ನಡದ ತಾಂತ್ರಿಕ ಪುಸ್ತಕಗಳಿವೆ. ಇಂಗ್ಲಿಷ್ ಪುಸ್ತಕದ ಪಕ್ಕದಲ್ಲಿ ಅವನ್ನಿಟ್ಟುಕೊಂಡು ಓದಲು ಯಾರ ಅಪ್ಪಣೆ ಬೇಕು? ತಿಳಿಯುವುದು ಮನೆಮಾತಿನಲ್ಲಿ, ಬರೆಯುವುದು ಇಂಗ್ಲಿಷಿನಲ್ಲಿ. ಈ ಅಭ್ಯಾಸ ಮೊದಲ ವರ್ಷದ ಮೊದಲ ವಾರದಿಂದ ಬೇಕು. ನಮ್ಮಲ್ಲಿ ಇಂಗ್ಲಿಷ್ ಮಾತಿನ ತರಬೇತಿ ಶುರುವಾಗುವುದು ಏಳನೆಯ ಸೆಮಿಸ್ಟರಿನಲ್ಲಿ, ಕಂಪನಿ ಬರುವ ತಿಂಗಳಲ್ಲಿ. ಟೈ ಕಟ್ಟುವುದು ಮತ್ತು ತನ್ನ ಪರಿಚಯ ಬಾಯಿಪಾಠ ಮಾಡುವುದರ ಜೊತೆಯಲ್ಲಿ.

ಉದ್ಯೋಗ ಎಂದರೆ ಪುಣೆ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿ ಎಂದೇ ಇಪ್ಪತ್ತೈದು ವರ್ಷ ನಂಬಿದೆವು. ಸಿವಿಲ್ ಓದಿದವನೂ ಹೋದ, ಮೆಕ್ಯಾನಿಕಲ್ ಓದಿದವಳೂ ಹೋದಳು. ಹುತಾತ್ಮಾ ಎಕ್ಸ್‌ಪ್ರೆಸ್ ಹತ್ತಿ ಪುಣೆಗೆ ಹೋದ ಮಕ್ಕಳಿಂದ ಎಷ್ಟೋ ಮನೆಗಳ ಸಾಲ ಹರಿದಿದೆ, ತಂಗಿಯರ ಓದು ಸಾಗಿದೆ. ಆದರೆ 2023–24ರಲ್ಲಿ ಇನ್ಫೋಸಿಸ್ ಒಂದರಲ್ಲೇ ಸಿಬ್ಬಂದಿ ಸಂಖ್ಯೆ ಸುಮಾರು 26 ಸಾವಿರ ಇಳಿಯಿತು. ಒಂದೇ ಬಾಗಿಲ ಮುಂದೆ ಎಲ್ಲರನ್ನೂ ನಿಲ್ಲಿಸಿದ್ದರ ಪೆಟ್ಟು ಆ ವರ್ಷ ಹೊರಬಿದ್ದ ಮಕ್ಕಳಿಗೆ ಬಿತ್ತು.

ಕಣ್ಣೆದುರಿಗೆ ಇದ್ದದ್ದನ್ನು ನಾವು ಸರಿಯಾಗಿ ನೋಡಲಿಲ್ಲ. ದೇಶವಿದೇಶದ ಕಾರುಗಳಿಗೆ ಕ್ಯಾಮ್‌ಶಾಫ್ಟ್ ಕೊಡುವ ಪ್ರಿಸಿಷನ್ ಕ್ಯಾಮ್‌ಶಾಫ್ಟ್ಸ್ ಸೊಲ್ಲಾಪುರದ್ದು. ದಕ್ಷಿಣ ಸೊಲ್ಲಾಪುರದಲ್ಲಿ ಎನ್‌ಟಿಪಿಸಿಯ 1320 ಮೆಗಾವ್ಯಾಟಿನ ಸ್ಥಾವರವಿದೆ, ತಡವಳದ ರೈಲುಹಾದಿಯಲ್ಲೇ ವಿಜಯಪುರ ದಾಟಿ ಮುಂದೆ ಹೋದರೆ ಕೂಡಗಿಯ 2400 ಮೆಗಾವ್ಯಾಟಿನದು. ಚಿಂಚೋಳಿಯ ಕೈಗಾರಿಕಾ ವಸಾಹತು, ಅಕ್ಕಲಕೋಟೆ ರಸ್ತೆಯ ಮಗ್ಗಗಳು, ಭೀಮೆಯ ದಂಡೆಯ ಸಕ್ಕರೆ ಕಾರ್ಖಾನೆಗಳು. ಇಲ್ಲೆಲ್ಲ ಬೇರಿಂಗು ಸವೆಯುತ್ತದೆ, ಮೋಟಾರು ಸುಡುತ್ತದೆ, ಬಾಯ್ಲರಿನ ನೀರು ಕೆಡುತ್ತದೆ. ಒಂದೊಂದೂ ಒಬ್ಬ ವಿದ್ಯಾರ್ಥಿಗೆ ಸೆಮಿಸ್ಟರಿನ ಕೆಲಸವಾಗಬಲ್ಲದು. 1961ರ ಅಪ್ರೆಂಟಿಸ್ ಕಾಯ್ದೆ ಇದೆ, 2019ರಲ್ಲಿ ಪದವೀಧರ ಅಪ್ರೆಂಟಿಸರ ಕನಿಷ್ಠ ಭತ್ಯೆ ತಿಂಗಳಿಗೆ 9,000 ರೂಪಾಯಿ ಎಂದು ಆಯಿತು. ನಮ್ಮ ಇಂಟರ್ನ್‌ಷಿಪ್ಪುಗಳು ಮಾತ್ರ ಬಹಳ ಸಲ ಪುಣೆಯ ಯಾವುದೋ ಕ್ಲಾಸಿಗೆ ಹಣ ಕಟ್ಟಿ ತಂದ ಸರ್ಟಿಫಿಕೇಟಿನಲ್ಲಿ ಮುಗಿಯುತ್ತವೆ.

ಬೇರೆ ದಾರಿ ಇಲ್ಲವೆಂದಲ್ಲ. ಹುಬ್ಬಳ್ಳಿಯ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಎಲ್ಲ ವಿಭಾಗದ ಮಕ್ಕಳೂ ಮೊದಲ ವರ್ಷವೇ ತಂಡ ಕಟ್ಟಿಕೊಂಡು, ಒಂದು ಸಮಸ್ಯೆ ಹಿಡಿದು, ಕೈಯಾರೆ ಏನಾದರೂ ಕಟ್ಟಿ ತೋರಿಸುವ ಪಾಠವಿದೆ. ಅದೂ 1947ರಲ್ಲಿ ಹುಟ್ಟಿದ ನಮ್ಮ ಹಳೆಯ ಬಿವಿಬಿ ಕಾಲೇಜೇ, ನಮ್ಮಂಥ ಊರುಗಳ ಮಕ್ಕಳೇ. ಸೊಲ್ಲಾಪುರದ ಕಾಲೇಜುಗಳಿಗೆ ನಾನು ಕೇಳುವುದು ಅದಕ್ಕಿಂತ ಚಿಕ್ಕದು. ಮೂರು ವಾರದ ಇಂಡಕ್ಷನ್‌ನಲ್ಲಿ ಮೂರು ದಿನ ಬಿಟ್ಟುಕೊಡಿ. ಪ್ರತಿ ಮಗುವೂ ತನ್ನ ಊರಿನ ಒಂದು ಯಂತ್ರದ ಹತ್ತಿರ ಹೋಗಿ, ಅದರ ಪಟ್ಟಿಯ ಮೇಲಿನ ಅಂಕಿಗಳನ್ನು ಬರೆದು ತರಲಿ. ಪಂಪ್‌ಸೆಟ್ಟು, ಗಿರಣಿ, ಮಗ್ಗ, ರಾಶಿಯಂತ್ರ, ಯಾವುದಾದರೂ ಆದೀತು. ನಾಲ್ಕು ವರ್ಷ ಆ ಅಂಕಿಗಳನ್ನು ಬಿಡಬೇಡಿ.

ಆ ದಿನ ಪರೀಕ್ಷೆ ಮುಗಿಸಿ ಸಂಜೆ ಸೊಲ್ಲಾಪುರ ನಿಲ್ದಾಣಕ್ಕೆ ಬಂದಾಗ ಪ್ಲಾಟ್‌ಫಾರ್ಮಿನ ಮೇಲೆ ಅದೇ ಹುಡುಗ ಸಿಕ್ಕ. ಅಂಜುತ್ತಲೇ ಹತ್ತಿರ ಬಂದು, “ಸರ, ಆ ಅರವತ್ತು ಸುತ್ತು ಹಿಂದ ಬೀಳದಂಗ ಮಾಡಾಕ ಬರೂದಿಲ್ಲೇನ್ರೀ?” ಎಂದ. ನಾನು ಚೀಲದಿಂದ ಪೆನ್ನು ತೆಗೆದೆ. ಅವನು ಹಾಲ್ ಟಿಕೆಟಿನ ಹಿಂಬದಿ ಕೊಟ್ಟ. ಒಳಗಿನ ರೋಟರು ಹೊರಗಿನ ಕ್ಷೇತ್ರವನ್ನು ಪೂರ್ತಿ ಹಿಡಿದುಬಿಟ್ಟರೆ ಅದರಲ್ಲಿ ಕರೆಂಟು ಹುಟ್ಟುವುದಿಲ್ಲ, ಕರೆಂಟು ಇಲ್ಲದಿದ್ದರೆ ತಿರುಗಿಸುವ ಬಲವಿಲ್ಲ ಎಂದು ಗೆರೆ ಎಳೆದು ತೋರಿಸಿದೆ. ಅವನು ಬಹಳ ಹೊತ್ತು ಆ ಗೆರೆಗಳನ್ನೇ ನೋಡಿದ. “ಅಂದ್ರ ಹಿಂದ ಬಿದ್ದದ್ದಕ್ಕ ಗಿರಣಿ ಬೀಸತದ್ರೀ” ಎಂದ. ರೈಲು ಬಂತು. ಹಾಲ್ ಟಿಕೆಟು ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು, ಗಾಡಿ ಹತ್ತಿ, ಕಿಟಕಿಯಿಂದ ಇನ್ನೊಂದು ಪ್ರಶ್ನೆ ಕೇಳಿದ. ಗದ್ದಲದಲ್ಲಿ ನನಗೆ ಕೇಳಿಸಲಿಲ್ಲ.