ಹೊಸ ಭರವಸೆ ಆಮೇಲೆ, ಹಳೇದರ ಲೆಕ್ಕ ಮೊದಲು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ. ಈ ಹೆಸರು ಕೇಳಿದ ಕೂಡಲೇ ಕ್ಲಾಸಿನಲ್ಲಿ ಯಾರಾದರೂ ಒಬ್ಬರು ‘ಸಿಮೆಂಟ್’ ಅಂತಾರೆ. ತಪ್ಪೇನಲ್ಲ. ಈ ನೆಲದಡಿ ಇರೋದೇ ಸುಣ್ಣದ ಕಲ್ಲು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದಲ್ಲೂ ಈಗ ದೊಡ್ಡ ಸಿಮೆಂಟ್ ಕಾರ್ಖಾನೆ ಇದೆ.

ಕಾರ್ಖಾನೆ ಅಲ್ಲೇ ಇರುತ್ತೆ, ಬೋರ್ಡು ಮಾತ್ರ ಬದಲಾಗುತ್ತೆ. 2022ರಲ್ಲಿ ಎಸಿಸಿ ಅದಾನಿ ಗುಂಪಿನ ಕೈ ಸೇರಿತು, ಅದರ ಜೊತೆ ವಾಡಿ ಕಾರ್ಖಾನೆಯೂ ಹೋಯ್ತು. 2025ರಲ್ಲಿ ಸೇಡಂನ ವಾಸವದತ್ತಾ ಸಿಮೆಂಟ್ ಕೆಸೋರಾಮ್‌ನಿಂದ ಅಲ್ಟ್ರಾಟೆಕ್‌ಗೆ ಬಂತು. ಹಾಗಾದ್ರೆ ಹಳೇ ಮಾಲೀಕರು ಊರಿಗೆ ಕೊಟ್ಟ ಮಾತು ಯಾರ ತಲೆ ಮೇಲೆ?

ಇದಕ್ಕೆ ಉತ್ತರ ಕಾನೂನಿನಲ್ಲೇ ಇದೆ. 2006ರ ಪರಿಸರ ಪರಿಣಾಮ ಅಧಿಸೂಚನೆ ಪ್ರಕಾರ ಪರಿಸರ ಅನುಮತಿ ಒಬ್ಬರಿಂದ ಇನ್ನೊಬ್ಬರಿಗೆ ವರ್ಗ ಆಗಬಹುದು, ಆದರೆ ಅದೇ ಷರತ್ತುಗಳ ಮೇಲೆ. ಗಿಡ ಬೆಳೆಸೋದು, ಗಣಿ ರಸ್ತೆಗೆ ನೀರು ಹೊಡೆಯೋದು, ಮೇಲ್ಮಣ್ಣು ಬೇರೆ ಇಡೋದು, ಧೂಳು ಮಿತಿಯೊಳಗೆ ಇಡೋದು, ಇಂಥವೆಲ್ಲ ಸಾಮಾನ್ಯವಾಗಿ ಆ ಷರತ್ತುಗಳಲ್ಲಿ ಇರುತ್ತವೆ. ಇವು ಕಂಪನಿ ಮಾಡೋ ಉಪಕಾರ ಅಲ್ಲ, ಅನುಮತಿಗೆ ಕೊಟ್ಟ ಬೆಲೆ.

ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಕಂಪನಿ ಷರತ್ತು ಪಾಲನೆಯ ವರದಿ ಕೊಡಬೇಕು. ಅದು ಸಾರ್ವಜನಿಕ ದಾಖಲೆ, ಯಾರು ಅರ್ಜಿ ಕೊಟ್ಟರೂ ಪ್ರತಿ ಕೊಡಬೇಕು. ವಿಸ್ತರಣೆಗೆ ಅರ್ಜಿ ಹಾಕಿದರೆ, ಹಳೇ ಷರತ್ತು ಪಾಲಿಸಿದ್ದಾರಾ ಅನ್ನೋ ದೃಢೀಕೃತ ವರದಿಯನ್ನೂ ಪರಿಸರ ಸಚಿವಾಲಯ ಕೇಳುತ್ತೆ.

ಆದ್ರೆ ಸಾರ್ವಜನಿಕ ಆಲಿಕೆ ಸಭೆಯಲ್ಲಿ ಮಾತು ಹೋಗೋದು ಹೊಸ ಭರವಸೆ ಕಡೆಗೆ. ಎಷ್ಟು ಕೆಲಸ ಕೊಡ್ತೀರಿ, ರಸ್ತೆ ಯಾವಾಗ, ಶಾಲೆಗೆ ಏನು? ಇವೆಲ್ಲ ಕೇಳಲೇಬೇಕು. ಆದ್ರೆ ಮೊದಲ ಪ್ರಶ್ನೆ ಬೇರೆ ಇರಬೇಕು ಅಂತ ನಮ್ಮ ಅಭಿಪ್ರಾಯ: ಹೋದ ಸಲ ಹೇಳಿದ ಗಿಡಗಳಲ್ಲಿ ಎಷ್ಟು ಬದುಕಿವೆ? ತೋರಿಸಿ. ಅದಕ್ಕೆ ಉತ್ತರ ಬರೋವರೆಗೂ ಹೊಸ ಪಟ್ಟಿ ಬೇಡ.

‘ಹಿಂಗ ಕೇಳಿದ್ರ ಕಾರ್ಖಾನೆ ಬರಂಗಿಲ್ಲ, ನೌಕರಿ ಸಿಗಂಗಿಲ್ಲ’ ಅನ್ನೋರಿದ್ದಾರೆ. ಆ ಭಯ ನಮಗೂ ಅರ್ಥ ಆಗುತ್ತೆ. ನಮ್ಮ ಮೆಕ್ಯಾನಿಕಲ್, ಸಿವಿಲ್ ಗೆಳೆಯರಲ್ಲಿ ಎಷ್ಟೋ ಜನ ನಾಳೆ ಅಲ್ಲೇ ಕೆಲಸಕ್ಕೆ ಹೋಗೋರು. ಆದ್ರೆ ಲೆಕ್ಕ ಕೇಳೋದು ಅಂದ್ರೆ ಬಾಗಿಲು ಹಾಕೋದಲ್ಲ. ಕಿರಾಣಿ ಅಂಗಡಿಯಲ್ಲೂ ಹಳೇ ಉದ್ರಿ ತೀರಿಸಿದ ಮೇಲೇ ಹೊಸ ಉದ್ರಿ ಕೊಡ್ತಾರೆ. ಕಂಪನಿ ಮಾತು ಉಳಿಸಿಕೊಂಡಿದ್ರೆ ಲೆಕ್ಕ ಕೊಡೋಕೆ ಅದಕ್ಕೇನು ತೊಂದರೆ?

ಇಲ್ಲಿ ನಮ್ಮ ಪಾಲೂ ಇದೆ. ಸಭೆ ನಡೆಯೋದು ಕನ್ನಡದಲ್ಲಿ, ಪಾಲನಾ ವರದಿ ಬರೋದು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ. ಹೊಲದ ತೊಗರಿ ಮೇಲೆ ಧೂಳು ಕೂತಿದ್ದನ್ನ ನೋಡೋ ರೈತನಿಗೆ ಆ ಪಿಡಿಎಫ್ ಎಲ್ಲಿಂದ ಓದೋಕಾಗುತ್ತೆ? ನಾವು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು, ಕನ್ನಡ ಬರೆಯುವಾಗ ಈಗಲೂ ಒತ್ತಕ್ಷರ ತಪ್ಪುತ್ತೆ. ಆದರೂ ‘ಪಿಎಂ 10’ ಅಂದ್ರೆ ಏನು, ಮಿತಿ ಎಷ್ಟು, ಅಳೆದದ್ದು ಎಲ್ಲಿ ಅಂತ ಓದಿ ಎರಡು ಪುಟ ಕನ್ನಡದಲ್ಲಿ ಬರೆದು ಗ್ರಾಮ ಪಂಚಾಯ್ತಿಗೆ ಕೊಡೋದು ನಮ್ಮಿಂದ ಆಗದ ಕೆಲಸವಲ್ಲ.

ಮುಂದಿನ ವರದಿಯಿಂದಲೇ ಶುರು ಮಾಡೋಣ. ಐದು ಊರು, ಊರಿಗೊಂದು ತಂಡ. ಯಾರ್ಯಾರು ಬರ್ತೀರಿ?